ಬಾರ್ನಿ ಹೋದ ಮೇಲಿನ ಮೇಬೆರಿ: ಒಂದು ಪ್ರಕರಣ ಅಧ್ಯಯನ

1965ರಲ್ಲಿ ಹಾಸ್ಯನಟ ಡಾನ್ ನಾಟ್ಸ್ ಅಮೆರಿಕದ ಟಿ.ವಿ. ಧಾರಾವಾಹಿ ‘ದಿ ಆಂಡಿ ಗ್ರಿಫಿತ್ ಶೋ’ ಬಿಟ್ಟರು. ಐದು ವರ್ಷಗಳ ಕಾಲ ಸೋಮವಾರದ ರಾತ್ರಿಗಳಲ್ಲಿ ಅಮೆರಿಕದ ಮನೆಮಂದಿಯನ್ನೆಲ್ಲ ನಗಿಸಿದ ಉಪ ಷೆರೀಫ್ ಬಾರ್ನಿ ಫೈಫ್ ಅವರ ಪಾತ್ರ. ಅವರು ಹೋದರೂ ಧಾರಾವಾಹಿ ನಿಲ್ಲಲಿಲ್ಲ. ಇನ್ನೂ ಮೂರು ವರ್ಷ ನಡೆಯಿತು, ಕೊನೆಯ ವರ್ಷ ವೀಕ್ಷಕರ ಸಂಖ್ಯೆಯಲ್ಲಿ ಇಡೀ ದೇಶಕ್ಕೇ ಮೊದಲ ಸ್ಥಾನಕ್ಕೆ ಏರಿತು. ಲೆಕ್ಕದ ಪುಸ್ತಕ ತೆರೆದು ನೋಡಿದರೆ ನಷ್ಟದ ಸುಳಿವೇ ಇಲ್ಲ. ಆದರೆ ಅರವತ್ತು ವರ್ಷ ಕಳೆದರೂ ಈ ಧಾರಾವಾಹಿಯನ್ನು ಪ್ರೀತಿಸುವವರು ಹುಡುಕಿಕೊಂಡು ಹೋಗಿ ನೋಡುವುದು ಬಾರ್ನಿ ಇದ್ದ ಮೊದಲ ಐದು ವರ್ಷಗಳ ಕಪ್ಪು-ಬಿಳುಪು ಕಂತುಗಳನ್ನು. ಕೊನೆಯ ಮೂರು ವರ್ಷಗಳ ಬಣ್ಣದ ಕಂತುಗಳ ಬಗ್ಗೆ ಮಾತು ಬಂದರೆ ಅವರ ಉತ್ಸಾಹ ಇಳಿದುಬಿಡುತ್ತದೆ.

ಈ ಪ್ರಕರಣವನ್ನು ನಾನು ಬರೆದಿಡುವುದಕ್ಕೆ ಒಂದು ಕಾರಣವಿದೆ. ಹವ್ಯಾಸಿ ನಾಟಕ ತಂಡವೊಂದರಲ್ಲಿ ಹಲವು ವರ್ಷ ದುಡಿದವನು ನಾನು. ನಮ್ಮ ಹಾಸ್ಯದ ಪಾತ್ರಧಾರಿ ಬೇರೆ ಊರಿಗೆ ವರ್ಗವಾಗಿ ಹೋದಾಗ ಅದೇ ಅಂಗಿ, ಅದೇ ಮಾತು, ಅದೇ ನಡಿಗೆಯನ್ನು ಇನ್ನೊಬ್ಬ ಹುಡುಗನಿಗೆ ಕಲಿಸಿ ರಂಗಕ್ಕೆ ಬಿಟ್ಟೆವು. ಜನ ನಗಲಿಲ್ಲ. ಹುಡುಗನಲ್ಲಿ ಪ್ರತಿಭೆ ಸಾಲದು ಎಂದು ಎಲ್ಲರೂ ತೀರ್ಮಾನಿಸಿದರು. ಆ ತೀರ್ಮಾನ ತಪ್ಪು ಎಂದು ನನಗೆ ಅರ್ಥವಾದದ್ದು ಬಹಳ ಕಾಲದ ನಂತರ, ಈ ಧಾರಾವಾಹಿಯ ಊರಾದ ಮೇಬೆರಿಯ ಕಂತುಗಳನ್ನು ಒಂದರ ಹಿಂದೊಂದು ನೋಡುತ್ತ ಕುಳಿತಾಗ.

ಊರು ಮತ್ತು ಊರಿನವರು

ಈ ಧಾರಾವಾಹಿ ನಮ್ಮಲ್ಲಿ ಹೆಚ್ಚು ಜನರಿಗೆ ಪರಿಚಯವಿಲ್ಲ, ಆದ್ದರಿಂದ ಸ್ವಲ್ಪ ಹಿನ್ನೆಲೆ ಹೇಳಬೇಕು. 1960ರ ಅಕ್ಟೋಬರ್ 3ರಿಂದ 1968ರ ಏಪ್ರಿಲ್ 1ರವರೆಗೆ ಸಿಬಿಎಸ್ ವಾಹಿನಿಯಲ್ಲಿ 249 ಕಂತುಗಳಾಗಿ ಬಂದ ಹಾಸ್ಯ ಧಾರಾವಾಹಿ ಇದು. ಕಥೆ ನಡೆಯುವುದು ನಾರ್ತ್ ಕರೊಲಿನಾ ರಾಜ್ಯದ ಮೇಬೆರಿ ಎಂಬ ಕಲ್ಪಿತ ಪುಟ್ಟ ಊರಿನಲ್ಲಿ. ನಾಯಕ ಆಂಡಿ ಟೇಲರ್ ಪಾತ್ರ ಮಾಡಿದ ಆಂಡಿ ಗ್ರಿಫಿತ್ ಹುಟ್ಟಿ ಬೆಳೆದದ್ದು ಅದೇ ರಾಜ್ಯದ ಮೌಂಟ್ ಏರಿಯಲ್ಲಿ. ಆದರೆ ಚಿತ್ರೀಕರಣ ನಡೆದದ್ದು ದೂರದ ಕ್ಯಾಲಿಫೋರ್ನಿಯಾದಲ್ಲಿ. ಶೀರ್ಷಿಕೆಯ ಹೊತ್ತಿಗೆ ಅಪ್ಪ-ಮಗ ಗಾಳದ ಕೋಲು ಹೆಗಲಿಗೇರಿಸಿ ನಡೆದು ಬರುವ ಆ ಪ್ರಸಿದ್ಧ ಕೆರೆ ಕೂಡ ಲಾಸ್ ಏಂಜಲೀಸ್ ಬಳಿಯ ಫ್ರ್ಯಾಂಕ್ಲಿನ್ ಕಣಿವೆಯದು. ಹಿನ್ನೆಲೆಯಲ್ಲಿ ಕೇಳುವ ಸಿಳ್ಳೆ ಸಂಗೀತ ನಿರ್ದೇಶಕ ಅರ್ಲ್ ಹೇಗನ್ ಅವರದೇ.

ಷೆರೀಫ್ ಎಂದರೆ ಜನ ಚುನಾಯಿಸಿದ ಪೊಲೀಸ್ ಮುಖ್ಯಸ್ಥ. ಮೇಬೆರಿಯ ಷೆರೀಫ್ ಆಂಡಿ ಟೇಲರ್ ವಿಧುರ, ಸೊಂಟಕ್ಕೆ ಬಂದೂಕು ಕಟ್ಟದವನು. ಸಣ್ಣಪುಟ್ಟ ವ್ಯಾಜ್ಯಗಳ ತೀರ್ಪನ್ನೂ ಅವನೇ ಕೊಡುತ್ತಾನೆ. ಮಗ ಓಪಿ. ಈ ಪಾತ್ರಕ್ಕೆ ಬಂದ ಬಾಲಕ ರಾನ್ ಹೊವರ್ಡ್ ಮುಂದೆ ದೊಡ್ಡ ಚಲನಚಿತ್ರ ನಿರ್ದೇಶಕರಾದರು. ಮನೆ ನೋಡಿಕೊಳ್ಳುವವಳು ಬೀ ಅತ್ತೆ. ಅವಳ ಕೊನೆಯ ಹೆಸರೂ ಟೇಲರ್, ಅಂದರೆ ನಮ್ಮ ಲೆಕ್ಕದಲ್ಲಿ ಅಪ್ಪನ ಕಡೆಯ ಅತ್ತೆಯೇ. ಆ ಪಾತ್ರ ಮಾಡಿದ ಫ್ರಾನ್ಸಿಸ್ ಬೇವಿಯರ್ ನ್ಯೂಯಾರ್ಕಿನ ರಂಗಭೂಮಿಯ ನಟಿ. ಸೆಟ್ಟಿನಲ್ಲಿ ಅವರ ಸ್ವಭಾವ ಬೀ ಅತ್ತೆಯಷ್ಟು ಮೆದುವಾಗಿರಲಿಲ್ಲ. ತಮ್ಮ ಕೊನೆಗಾಲದಲ್ಲಿ ಅವರು ಫೋನ್ ಮಾಡಿ, ನಾವು ಇನ್ನಷ್ಟು ಹೊಂದಿಕೊಂಡು ಇರಬಹುದಿತ್ತು ಎಂದು ಬೇಸರಪಟ್ಟರೆಂದು ಗ್ರಿಫಿತ್ ಹೇಳಿಕೊಂಡಿದ್ದಾರೆ.

ಇನ್ನು ಊರಿನವರು. ಕ್ಷೌರದಂಗಡಿಯ ಫ್ಲಾಯ್ಡ್, ಎಳೆದೆಳೆದು ಮಾತಾಡುವ ಊರಿನ ಸುದ್ದಿಸಂಗ್ರಾಹಕ. ಪೆಟ್ರೋಲ್ ಬಂಕಿನ ಗೋಮರ್ ಪೈಲ್, ಅವನು ಹೋದ ಮೇಲೆ ಅವನ ದಾಯಾದಿ ಗೂಬರ್. ವಾರಾಂತ್ಯದಲ್ಲಿ ಕುಡಿದು ಬಂದು ಗೋಡೆಗೆ ತೂಗುಹಾಕಿದ ಬೀಗದ ಕೈ ತಾನೇ ತೆಗೆದುಕೊಂಡು, ಲಾಕಪ್ಪಿನೊಳಗೆ ತನ್ನನ್ನು ತಾನೇ ಕೂಡಿಹಾಕಿಕೊಂಡು, ಬೆಳಿಗ್ಗೆ ತಾನೇ ಬಾಗಿಲು ತೆರೆದು ಹೊರಡುವ ಓಟಿಸ್. ಬೆಟ್ಟದಿಂದ ಇಳಿದು ಬಂದು ಕಿಟಕಿಗಳಿಗೆ ಕಲ್ಲೆಸೆಯುವ ಅರ್ನೆಸ್ಟ್ ಟಿ. ಬಾಸ್. ಬಾರ್ನಿಯ ಗೆಳತಿ ಥೆಲ್ಮಾ ಲೂ, ಆಂಡಿ ಮದುವೆಯಾಗಲಿರುವ ಶಾಲೆಯ ಶಿಕ್ಷಕಿ ಹೆಲೆನ್ ಕ್ರಂಪ್.

ಮತ್ತು ಬಾರ್ನಿ. ಕಡ್ಡಿಯಂಥ ಮೈ, ಉಬ್ಬಿದ ಕಣ್ಣು, ಸಮವಸ್ತ್ರದ ಮೇಲೆ ಅಪಾರ ಹೆಮ್ಮೆ. ಬಂದೂಕು ಅವನ ಸೊಂಟದಲ್ಲಿರುತ್ತದೆ, ಆದರೆ ಗುಂಡು ಒಂದೇ ಒಂದು, ಅದೂ ಅಂಗಿಯ ಜೇಬಿನಲ್ಲಿ. ತುಂಬಿದ ಬಂದೂಕು ಅವನ ಕೈಯಲ್ಲಿದ್ದರೆ ಅದು ನೆಲಕ್ಕೋ ಸೂರಿಗೋ ಸಿಡಿಯುವುದು ನಿಶ್ಚಿತ ಎಂದು ಗೊತ್ತಿದ್ದ ಆಂಡಿ ಮಾಡಿದ ಏರ್ಪಾಡು ಅದು. ಬಂದೂಕನ್ನೇ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಗುಂಡನ್ನೂ ಕೊಟ್ಟಿದ್ದಾನೆ, ಕೇವಲ ಇರುವ ಜಾಗ ಬದಲಿಸಿದ್ದಾನೆ. ಈ ಪ್ರಕರಣದ ಎಲ್ಲ ಉತ್ತರ ಆ ಜೇಬಿನಲ್ಲಿದೆ ಎಂದು ನಾನು ನಂಬಿದ್ದೇನೆ.

ಜೋಡಿ ಹುಟ್ಟಿದ ಬಗೆ

ಮೂಲ ಯೋಜನೆಯಲ್ಲಿ ಬಾರ್ನಿ ಇರಲೇ ಇಲ್ಲ. 1960ರ ಫೆಬ್ರುವರಿ 15ರಂದು ಡ್ಯಾನಿ ಥಾಮಸ್ ಅವರ ಜನಪ್ರಿಯ ಧಾರಾವಾಹಿಯ ಒಂದು ಕಂತಿನಲ್ಲಿ ಮೇಬೆರಿಯ ಷೆರೀಫನನ್ನು ಮೊದಲ ಬಾರಿಗೆ ಪರಿಚಯಿಸಿದರು. ನಾಟ್ಸ್ ಅದನ್ನು ನೋಡಿ ಗ್ರಿಫಿತ್ ಅವರಿಗೆ ಫೋನ್ ಮಾಡಿ, ಷೆರೀಫನಿಗೆ ಒಬ್ಬ ಸಹಾಯಕ ಬೇಡವೇ ಎಂದು ಕೇಳಿದರು. ಇಬ್ಬರಿಗೂ ಹಳೆಯ ಪರಿಚಯ. 1955ರಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ‘ನೋ ಟೈಮ್ ಫಾರ್ ಸಾರ್ಜೆಂಟ್ಸ್’ ನಾಟಕದಲ್ಲಿ ಒಟ್ಟಿಗೆ ನಟಿಸಿದ್ದರು, 1958ರ ಚಲನಚಿತ್ರದಲ್ಲೂ ಜೊತೆಯಾಗಿದ್ದರು. ನಾಟ್ಸ್ ಪಶ್ಚಿಮ ವರ್ಜೀನಿಯಾದ ಮಾರ್ಗನ್‌ಟೌನಿನವರು. ನಡುಗುವ ಕೈಯ, ಗಾಬರಿಗೊಂಡ ಮನುಷ್ಯನ ಪಾತ್ರವನ್ನು ಸ್ಟೀವ್ ಆಲನ್ ಅವರ ಕಾರ್ಯಕ್ರಮದಲ್ಲಿ ಮಾಡಿ ಆಗಲೇ ಹೆಸರು ಪಡೆದಿದ್ದರು.

ಆರಂಭದಲ್ಲಿ ನಗಿಸುವ ಹೊಣೆ ಆಂಡಿಯದೇ ಆಗಿತ್ತು. ಮೊದಲ ಕೆಲವು ಕಂತುಗಳಲ್ಲಿ ಅವನು ಹಲ್ಲು ಕಿರಿಯುತ್ತ ಕಥೆ ಹೇಳುವ ಹಳ್ಳಿಗ, ಸ್ವಲ್ಪ ಅತಿ ಎನಿಸುವಷ್ಟು. ಆದರೆ ಎರಡನೆಯ ಕಂತಿನ ಹೊತ್ತಿಗೇ ಗ್ರಿಫಿತ್ ಅವರಿಗೆ ಹೊಳೆದುಬಿಟ್ಟಿತ್ತು: ನಗಿಸಬೇಕಾದವನು ಡಾನ್, ತಾನು ಅವನ ಎದುರು ಸುಮ್ಮನೆ ನಿಲ್ಲಬೇಕು. ಧಾರಾವಾಹಿಗೆ ತನ್ನ ಹೆಸರೇ ಇರುವ ನಟ, ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿದು, ದೀಪದ ಬೆಳಕನ್ನು ಪಕ್ಕದವನ ಮೇಲೆ ಬೀಳಿಸುವುದು ಸಣ್ಣ ವಿಷಯವಲ್ಲ. ಇಂಥ ತ್ಯಾಗಕ್ಕೆ ಪ್ರಶಸ್ತಿ ಸಿಗುವುದಿಲ್ಲ. ಬಾರ್ನಿ ಪಾತ್ರಕ್ಕೆ ನಾಟ್ಸ್ ಅಮೆರಿಕದ ಟಿ.ವಿ. ಲೋಕದ ದೊಡ್ಡ ಗೌರವವಾದ ಎಮ್ಮಿ ಪ್ರಶಸ್ತಿಯನ್ನು ಐದು ಸಲ ಪಡೆದರು. ಈ ಧಾರಾವಾಹಿಯ ನಟನೆಗಾಗಿ ಗ್ರಿಫಿತ್ ಅವರ ಹೆಸರು ಎಂಟು ವರ್ಷಗಳಲ್ಲಿ ಒಮ್ಮೆಯೂ ನಾಮನಿರ್ದೇಶನದ ಪಟ್ಟಿಯನ್ನು ಕೂಡ ಸೇರಲಿಲ್ಲ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. 1963ರ ಒಂದು ಕಂತು. ಶಾಲೆಯಲ್ಲಿ ಕಲಿತ ಸಂವಿಧಾನದ ಪೀಠಿಕೆ ತನಗೆ ಇನ್ನೂ ಬಾಯಿಪಾಠವಿದೆ, ಒಮ್ಮೆ ಕಲಿತದ್ದು ಮರೆಯುವ ಜಾಯಮಾನ ತನ್ನದಲ್ಲ ಎಂದು ಬಾರ್ನಿ ಕೊಚ್ಚಿಕೊಳ್ಳುತ್ತಾನೆ. ಆಂಡಿ ಪುಸ್ತಕ ತೆರೆದು ಹಿಡಿದು ಕೂರುತ್ತಾನೆ. ಬಾರ್ನಿ ಗಂಟಲು ಸರಿಮಾಡಿಕೊಂಡು ಸಿದ್ಧನಾಗುತ್ತಾನೆ. ಮೊದಲ ಪದವೇ ಹೊರಡುವುದಿಲ್ಲ. ಆಂಡಿ ಮೆಲ್ಲಗೆ ‘ನಾವು’ ಎನ್ನುತ್ತಾನೆ. ಅದೇ ತನ್ನ ತುಟಿಯಲ್ಲಿತ್ತು ಎಂಬಂತೆ ಬಾರ್ನಿ ‘ನಾವು’ ಎಂದು ಘೋಷಿಸುತ್ತಾನೆ. ಮತ್ತೆ ಮೌನ. ಆಂಡಿ ಮುಂದಿನ ಪದ ಕೊಡುತ್ತಾನೆ, ಬಾರ್ನಿ ಅದನ್ನು ಎತ್ತಿಕೊಳ್ಳುತ್ತಾನೆ. ಹೀಗೆ ಪದದಿಂದ ಪದಕ್ಕೆ ಇಡೀ ಪೀಠಿಕೆ ಸಾಗುತ್ತದೆ. ಬಾರ್ನಿ ಹುಬ್ಬು ಗಂಟಿಕ್ಕುತ್ತಾನೆ, ಕಣ್ಣು ಮುಚ್ಚುತ್ತಾನೆ, ಪದವೊಂದನ್ನು ಬಾವಿಯಿಂದ ಸೇದಿದಂತೆ ಮೇಲೆತ್ತುತ್ತಾನೆ. ಮುಗಿದಾಗ ಗೆದ್ದ ಮುಖ. ನೋಡಿದೆಯಾ, ಎಲ್ಲ ಇಲ್ಲಿದೆ ಎಂಬ ಧಾಟಿ.

ಈ ದೃಶ್ಯದಲ್ಲಿ ನಾಟ್ಸ್ ಅವರ ಮುಖವನ್ನು ಮುಚ್ಚಿಕೊಂಡು ಗ್ರಿಫಿತ್ ಅವರ ಮುಖವನ್ನಷ್ಟೇ ನೋಡಿ. ಅವನು ನಗುವುದಿಲ್ಲ. ಪುಸ್ತಕ ಮುಚ್ಚುವುದಿಲ್ಲ. ‘ನಿನಗೆ ಒಂದು ಪದವೂ ಗೊತ್ತಿಲ್ಲವಲ್ಲ’ ಎನ್ನುವುದಿಲ್ಲ. ಮಗುವಿಗೆ ನಡಿಗೆ ಕಲಿಸುವ ತಾಯಿ ಬೆರಳು ಕೊಟ್ಟು ಕಾಯುವಂತೆ ಪದ ಕೊಟ್ಟು ಕಾಯುತ್ತಾನೆ. ಎದುರಿಗಿರುವವನು ಒಂದು ಸಲ ಗೇಲಿ ಮಾಡಿದ್ದರೂ ಸಾಕಿತ್ತು, ಬಾರ್ನಿ ಬಡಾಯಿಕೋರನಾಗಿ ನಮ್ಮ ಕಣ್ಣಲ್ಲಿ ಕುಸಿದುಬಿಡುತ್ತಿದ್ದ. ಆಂಡಿ ಅವನ ಮಾನ ಕಾಯುತ್ತಾನೆ, ಆದ್ದರಿಂದ ನಾವು ನಿರಾಳವಾಗಿ ನಗುತ್ತೇವೆ.

ಇದು ಒಂದೇ ಕಡೆಯ ಉಪಕಾರವೂ ಅಲ್ಲ. 1962ರ ಇನ್ನೊಂದು ಕಂತಿನಲ್ಲಿ ಬಾರ್ನಿ ಪತ್ರಕರ್ತೆಯೊಬ್ಬಳ ಮುಂದೆ ಬಾಯಿ ಬಿಟ್ಟು ಆಡಿದ ಮಾತುಗಳಿಂದ ಆಂಡಿಯ ಕೆಲಸಕ್ಕೇ ಕುತ್ತು ಬರುತ್ತದೆ. ವಿಚಾರಣೆಯಲ್ಲಿ ಸಾಕ್ಷಿಯ ಕುರ್ಚಿಯ ಮೇಲೆ ಕುಳಿತ ಬಾರ್ನಿಗೆ ತಾನು ಎಂಥ ಅನಾಹುತ ಮಾಡಿದ್ದೇನೆಂದು ಅರಿವಾಗುತ್ತದೆ. ಆಗ ಅವನು ಹೇಳುತ್ತಾನೆ: ಇಂಥ ಚಿಕ್ಕ ಊರಿನಲ್ಲಿ ಷೆರೀಫ್ ಜನರ ಸ್ನೇಹಿತನೂ ಆಗಿರುತ್ತಾನೆ, ಪುಸ್ತಕಕ್ಕಿಂತ ಹೃದಯ ನೋಡಿ ನಡೆಯುವುದು ಮೇಲು ಎಂದು ಅವನಿಂದಲೇ ಕಲಿತೆ. ಸದಾ ನಿಯಮಪುಸ್ತಕ ಹಿಡಿದು ಓಡಾಡುವ ಬಾರ್ನಿಯ ಬಾಯಿಂದ ಈ ಮಾತು ಬಂದಾಗ ಗಂಟಲು ಕಟ್ಟುತ್ತದೆ. ನಾಟ್ಸ್ ಇಲ್ಲಿ ಒಂದು ಸ್ನಾಯುವನ್ನೂ ನಗೆಗಾಗಿ ಬಳಸುವುದಿಲ್ಲ.

1965: ಏನಾಯಿತು?

ಜಗಳವಾಗಲಿಲ್ಲ. ಐದು ವರ್ಷ ಮುಗಿದ ಮೇಲೆ ಧಾರಾವಾಹಿ ನಿಲ್ಲಿಸುವುದಾಗಿ ಗ್ರಿಫಿತ್ ಮೊದಲಿನಿಂದಲೂ ಹೇಳುತ್ತಿದ್ದರು. ಅದನ್ನೇ ನಂಬಿ ನಾಟ್ಸ್ ಮುಂದಿನ ದಾರಿ ನೋಡಿಕೊಂಡರು, ಯೂನಿವರ್ಸಲ್ ಸ್ಟುಡಿಯೋ ಜೊತೆ ಚಲನಚಿತ್ರಗಳ ಒಪ್ಪಂದಕ್ಕೆ ಮುಂದಾದರು. ಅಷ್ಟರಲ್ಲಿ ಗ್ರಿಫಿತ್ ಮನಸ್ಸು ಬದಲಿಸಿ ಮುಂದುವರಿಯಲು ಒಪ್ಪಿದ್ದರು. ಇಬ್ಬರು ಆಪ್ತ ಸ್ನೇಹಿತರ ನಡುವೆ ಸಕಾಲದಲ್ಲಿ ಆಡದೆ ಉಳಿದ ಒಂದು ಮಾತು ಇಷ್ಟಕ್ಕೆಲ್ಲ ಕಾರಣವಾಯಿತು. ಕಥೆಯೊಳಗೆ ಬಾರ್ನಿ ರಾಜಧಾನಿ ರಾಲಿಯ ಪೊಲೀಸ್ ಇಲಾಖೆ ಸೇರಿದನೆಂದು ಹೇಳಿದರು.

ಅದೇ ವರ್ಷ ಬೇರೆ ಬದಲಾವಣೆಗಳೂ ಒಟ್ಟಿಗೆ ಬಂದವು, ಇವನ್ನು ಮರೆತರೆ ಪ್ರಕರಣ ಅಧ್ಯಯನಕ್ಕೆ ಅರ್ಥವಿಲ್ಲ. ಕಪ್ಪು-ಬಿಳುಪಿನ 159 ಕಂತುಗಳ ನಂತರ ಚಿತ್ರೀಕರಣ ಬಣ್ಣಕ್ಕೆ ತಿರುಗಿತು. ಐದು ವರ್ಷ ನಿರ್ಮಾಪಕರಾಗಿದ್ದ ಆರನ್ ರೂಬನ್ ಬಿಟ್ಟರು. ಅವರು ಗೋಮರ್ ಪೈಲ್ ಪಾತ್ರಕ್ಕಾಗಿಯೇ 1964ರಲ್ಲಿ ಆರಂಭವಾದ ಪ್ರತ್ಯೇಕ ಧಾರಾವಾಹಿಯ ಕಡೆ ಹೊರಳಿದರು. ಅವರ ಜಾಗಕ್ಕೆ ಬಾಬ್ ರಾಸ್ ಬಂದರು. ಆದ್ದರಿಂದ ಮುಂದೆ ಕಂಡ ಇಳಿತಕ್ಕೆಲ್ಲ ನಾಟ್ಸ್ ಅವರ ನಿರ್ಗಮನವೊಂದೇ ಕಾರಣ ಎನ್ನುವುದು ಸರಿಯಲ್ಲ. ಆದರೂ ಬಣ್ಣದ ಮೇಲೆ ತಪ್ಪು ಹೊರಿಸುವ ಮಾತನ್ನು ನಾನು ಒಪ್ಪುವುದಿಲ್ಲ. ಬಣ್ಣ ಬಂದದ್ದರಿಂದ ಯಾವ ಪಾತ್ರವೂ ಕೆಡುವುದಿಲ್ಲ.

ಬಾರ್ನಿಯ ಖಾಲಿ ಕುರ್ಚಿಗೆ ವಾರನ್ ಫರ್ಗ್ಯುಸನ್ ಬಂದ. ಕ್ಷೌರಿಕ ಫ್ಲಾಯ್ಡ್‌ನ ಸೋದರಳಿಯ. ಪಾತ್ರ ಮಾಡಿದವರು ಬಾಸ್ಟನ್ನಿನ ಜ್ಯಾಕ್ ಬರ್ನ್ಸ್, ನುರಿತ ಹಾಸ್ಯಗಾರ. ಅವನಿಗೂ ಅತಿ ಉತ್ಸಾಹ, ಅವನಿಗೂ ಕಾನೂನಿನ ಗೀಳು, ಮಾತಿನ ಕೊನೆಗೆ ‘ಹಾಂ? ಹಾಂ? ಹಾಂ?’ ಎಂದು ಕೆದಕುವ ಚಾಳಿ. ಹನ್ನೊಂದು ಕಂತುಗಳಲ್ಲಿ ಕಾಣಿಸಿಕೊಂಡ. ಆಮೇಲೆ ಎಲ್ಲಿಗೆ ಹೋದನೆಂದು ಒಂದು ಮಾತೂ ಇಲ್ಲದೆ ಮಾಯವಾದ.

ಬರ್ನ್ಸ್ ಅವರ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ನಮ್ಮ ತಂಡದ ಆ ಹುಡುಗನ ನೆನಪಾಗುತ್ತದೆ. ಬರ್ನ್ಸ್ ಅವರಿಗೆ ಕೊಟ್ಟದ್ದು ಬಾರ್ನಿಯ ಗುಣಗಳನ್ನು. ಕೊಡದೆ ಉಳಿದದ್ದು ಬಾರ್ನಿಯ ಆಂಡಿಯನ್ನು. ವಾರನ್ ಎದುರು ನಿಂತ ಆಂಡಿ ನಿಟ್ಟುಸಿರು ಬಿಡುತ್ತಾನೆ, ಮುಖ ಸಿಂಡರಿಸುತ್ತಾನೆ. ಬಾಲ್ಯದ ಗೆಳೆತನವಿಲ್ಲ, ಸಾಕ್ಷಿಯ ಕುರ್ಚಿಯಲ್ಲಿ ಒಬ್ಬರಿಗೊಬ್ಬರು ಆದ ನೆನಪಿಲ್ಲ. ಈ ಹೊಸಬನ ಮಾನವನ್ನು ಆಂಡಿ ಯಾಕೆ ಕಾಯಬೇಕು ಎಂಬುದಕ್ಕೆ ಬರಹಗಾರರು ಕಾರಣವನ್ನೇ ಕಟ್ಟಲಿಲ್ಲ. ಕಾಯುವವನಿಲ್ಲದ ಕಡೆ ಅದೇ ಅತಿ ಉತ್ಸಾಹ ಕಿರಿಕಿರಿಯಾಗುತ್ತದೆ. ಬಾರ್ನಿಯನ್ನು ಹಾಗೆಯೇ ಒಂಟಿಯಾಗಿ ನಿಲ್ಲಿಸಿದ್ದರೆ ಅವನೂ ಕಿರಿಕಿರಿಯಾಗಿರುತ್ತಿದ್ದ.

ಕೊನೆಯ ಮೂರು ವರ್ಷಗಳಲ್ಲಿ ಆಂಡಿಯೇ ಬದಲಾದದ್ದು ನನಗೆ ಹೆಚ್ಚು ನೋವು ಕೊಡುವ ಸಂಗತಿ. ತಾಳ್ಮೆ ಕಡಿಮೆ, ಮಾತು ಚುಟುಕು, ಮುಖದಲ್ಲಿ ದಣಿವು. ಅವನೊಬ್ಬನೇ ನಿಂತು ಕಂತನ್ನು ಹೊರಬಲ್ಲ ಎಂಬುದಕ್ಕೆ ಹಿಂದೆ ಸಾಕ್ಷಿಯಿತ್ತು. 1963ರಲ್ಲಿ ಓಪಿ ಕವಣೆಯಿಂದ ತಾಯಿಹಕ್ಕಿಯನ್ನು ಕೊಂದಾಗ ಆಂಡಿ ಹೊಡೆಯದೆ ಬಯ್ಯದೆ ಮಗನ ಕೋಣೆಯ ಕಿಟಕಿ ತೆರೆದು, ತಾಯಿಗಾಗಿ ಕೂಗುವ ಮರಿಗಳ ದನಿ ಕೇಳಿಸಿಕೊಂಡು ಇರು ಎನ್ನುತ್ತಾನೆ. ಓಪಿ ಆ ಮರಿಗಳನ್ನು ಸಾಕಿ ಕೊನೆಗೆ ಹಾರಿಬಿಡುತ್ತಾನೆ. ಪಂಜರ ಬರಿದಾಯಿತಲ್ಲ ಎಂದು ಮಗ ಹೇಳಿದಾಗ, ಮರಗಳು ಎಷ್ಟು ತುಂಬಿಕೊಂಡಿವೆ ನೋಡು ಎನ್ನುತ್ತಾನೆ ಅಪ್ಪ. ಅಂಥ ಆಂಡಿಗೆ ನಗುವಿನ ಜೊತೆಗಾರ ಹೋದ ಮೇಲೆ ಕಾಯಲು ಯಾರೂ ಉಳಿಯಲಿಲ್ಲ. ಊರನ್ನು ನಡೆಸುವುದಷ್ಟೇ ಉಳಿಯಿತು.

ಫ್ಲಾಯ್ಡ್‌ಗೆ ಮಾಡಿದ್ದು

ಇದೇ ತಂಡ ಖಾಲಿ ಜಾಗವೊಂದನ್ನು ಬೇರೆ ರೀತಿಯಲ್ಲಿ ನಿಭಾಯಿಸಿದ್ದೂ ಉಂಟು. 1963ರಲ್ಲಿ ಫ್ಲಾಯ್ಡ್ ಪಾತ್ರದ ಹೊವರ್ಡ್ ಮೆಕ್‌ನಿಯರ್ ಅವರಿಗೆ ಪಾರ್ಶ್ವವಾಯು ಬಡಿಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಬರಲಿಲ್ಲ. ಅವರ ಜಾಗಕ್ಕೆ ಇನ್ನೊಬ್ಬ ಕ್ಷೌರಿಕನನ್ನು ತಂದು ಕೂರಿಸದೆ ಕಾದರು. ಅವರು ಮರಳಿದಾಗ ಎಡಗೈ ಆಡುತ್ತಿರಲಿಲ್ಲ, ನಿಲ್ಲಲು ನಡೆಯಲು ಕಷ್ಟ. ಹಾಗಾಗಿ ಫ್ಲಾಯ್ಡ್ ಹೆಚ್ಚಾಗಿ ಅಂಗಡಿಯ ಮುಂದಿನ ಬೆಂಚಿನ ಮೇಲೆಯೋ ಕುರ್ಚಿಯಲ್ಲೋ ಕುಳಿತೇ ಇರುತ್ತಾನೆ. ನಿಂತು ಕ್ಷೌರ ಮಾಡುತ್ತಿರುವಂತೆ ಕಾಣಬೇಕಾದಾಗ ಅವರ ಮೈಗೆ ಆಸರೆ ಕೊಡುವ ಒಂದು ಚೌಕಟ್ಟನ್ನು ಮಾಡಿಸಿದ್ದರು, ಕ್ಯಾಮೆರಾಗೆ ಅದು ಕಾಣುತ್ತಿರಲಿಲ್ಲ. ಎಡಗೈ ಒಂದೆಡೆ ಸುಮ್ಮನೆ ಬಿದ್ದಿರುತ್ತದೆ, ಬಲಗೈ ಕೆಲಸ ಮಾಡುತ್ತದೆ, ಮಾತು ಮೊದಲಿನಂತೆಯೇ ಎಳೆದೆಳೆದು ಬರುತ್ತದೆ. ಹೇಳದಿದ್ದರೆ ನೋಡುವವರಿಗೆ ಗೊತ್ತೇ ಆಗುವುದಿಲ್ಲ. 1967ರವರೆಗೆ ಅವರು ದುಡಿದರು, 1969ರ ಜನವರಿಯಲ್ಲಿ ತೀರಿಕೊಂಡರು.

ಆ ಚೌಕಟ್ಟನ್ನು ನೆನೆದರೆ ನನಗೆ ಬಾರ್ನಿಯ ಜೇಬಿನ ಗುಂಡು ನೆನಪಾಗುತ್ತದೆ. ಕಥೆಯೊಳಗೆ ಆಂಡಿ ಮಾಡುತ್ತಿದ್ದುದನ್ನೇ ಕಥೆಯ ಹೊರಗೆ ತಂಡ ಮಾಡಿತು.

ಗೂಬರ್‌ನ ವಿಷಯವೂ ಗಮನಿಸತಕ್ಕದ್ದು. ಗೋಮರ್ ಹೋದಾಗ ಬಂದ ಅವನನ್ನು ಇನ್ನೊಬ್ಬ ಗೋಮರ್ ಮಾಡಲು ಹೋಗಲಿಲ್ಲ. ಜಾರ್ಜ್ ಲಿಂಡ್ಸೆ ಅವನಿಗೆ ತನ್ನದೇ ಒರಟು ಮುಗ್ಧತೆ ಕೊಟ್ಟರು. 1966ರಲ್ಲಿ ಜ್ಯಾಕ್ ಡಾಡ್ಸನ್ ಅವರ ಹೊವರ್ಡ್ ಸ್ಪ್ರೇಗ್ ಬಂದ, ತಾಯಿಯ ಸೆರಗು ಬಿಡದ, ಮೃದು ಮಾತಿನ ಕೌಂಟಿ ಗುಮಾಸ್ತ. ಇವನೂ ಯಾರ ನಕಲೂ ಅಲ್ಲ. ಧಾರಾವಾಹಿ ಉಳಿದದ್ದು, ಜನ ಇನ್ನೂ ಹೆಚ್ಚು ಸೇರಿದ್ದು ಇಂಥವರಿಂದ ಎಂದು ನಾನು ಎಣಿಸುತ್ತೇನೆ. ಒಬ್ಬ ಬಾರ್ನಿಯ ಬದಲು ಊರೇ ಮುಂದೆ ಬಂತು. ಅದು ನೋಡಲು ಹಿತವಾದ ಊರು, ಆದರೆ ನಗು ಉಕ್ಕಿ ಬರುವ ಊರಲ್ಲ.

ಯಾರ ಮಾನ?

ಮೇಬೆರಿಯನ್ನು ಇಷ್ಟು ಪ್ರೀತಿಯಿಂದ ಬರೆದವನು ಇನ್ನೊಂದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. 1960ರ ಫೆಬ್ರುವರಿ 1ರಂದು ಅದೇ ನಾರ್ತ್ ಕರೊಲಿನಾದ ಗ್ರೀನ್ಸ್‌ಬರೊ ನಗರದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು, ಬಿಳಿಯರಿಗಷ್ಟೇ ಊಟ ಬಡಿಸುತ್ತಿದ್ದ ವುಲ್‌ವರ್ತ್ ಅಂಗಡಿಯ ಕೌಂಟರಿನಲ್ಲಿ ಕುಳಿತು ಏಳಲು ನಿರಾಕರಿಸಿದರು. ಗ್ರಿಫಿತ್ ಅವರ ಹುಟ್ಟೂರಿನಿಂದ ಅಲ್ಲಿಗೆ ಸುಮಾರು 100 ಕಿಲೋಮೀಟರ್. ಸರಿಯಾಗಿ ಎರಡು ವಾರಕ್ಕೆ ಮೇಬೆರಿಯ ಷೆರೀಫ್ ದೇಶದ ಟಿ.ವಿ. ಪರದೆಯ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡ. ಮುಂದಿನ ಎಂಟು ವರ್ಷ, 249 ಕಂತುಗಳಲ್ಲಿ, ಮಾತಾಡುವ ಪಾತ್ರ ಸಿಕ್ಕಿದ್ದು ಒಬ್ಬ ಕಪ್ಪು ವ್ಯಕ್ತಿಗೆ ಮಾತ್ರ. 1967ರ ಕಂತಿನಲ್ಲಿ ರಾಕ್ನಿ ಟಾರ್ಕಿಂಗ್ಟನ್ ಮಾಡಿದ ಫ್ಲಿಪ್ ಕಾನ್ರಾಯ್ ಎಂಬ ಪಾತ್ರ ಅದು. ಬಡಾಯಿಗಾರನ ಮಾನ, ಕುಡುಕನ ಮಾನ, ಕಲ್ಲೆಸೆಯುವವನ ಮಾನವನ್ನೂ ಕಾದ ಊರು, ಪಕ್ಕದ ನಗರದಲ್ಲಿ ಮಾನಕ್ಕಾಗಿಯೇ ಕುಳಿತಿದ್ದವರಿಗೆ ತನ್ನ ಬೀದಿಯಲ್ಲಿ ಜಾಗ ಕೊಡಲಿಲ್ಲ. ಈ ಧಾರಾವಾಹಿ ನನಗೆ ಇಷ್ಟವಾದಷ್ಟೂ ಈ ಕೊರತೆ ನನ್ನನ್ನು ಚುಚ್ಚುತ್ತದೆ.

ಆಮೇಲೆ

ನಾಟ್ಸ್ ಅತಿಥಿಯಾಗಿ ಕೆಲವು ಸಲ ಮರಳಿದರು. ಅವರ ಐದು ಎಮ್ಮಿಗಳಲ್ಲಿ ಕೊನೆಯ ಎರಡು ಬಂದದ್ದು ಈ ಅತಿಥಿ ಪಾತ್ರಗಳಿಗೇ. 1966ರ ಜನವರಿಯಲ್ಲಿ ಬಾರ್ನಿ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆಂದು ಮೇಬೆರಿಗೆ ಬರುತ್ತಾನೆ. ಥೆಲ್ಮಾ ಲೂ ಬರುತ್ತಾಳೆಂದು ಕಾದು ಕಾದು, ಅವಳು ಬಂದಾಗ ಜೊತೆಯಲ್ಲಿ ಗಂಡನಿದ್ದಾನೆ. ಆ ಕ್ಷಣದಲ್ಲಿ ಆಂಡಿ ಪಕ್ಕದಲ್ಲಿದ್ದಾನೆ, ಹಳೆಯ ಆಂಡಿ. ಹೇಳಲು ಏನೂ ಇಲ್ಲದಾಗ ಗೆಳೆಯನ ಪಕ್ಕ ಹೇಗಿರಬೇಕೋ ಹಾಗೆ. ಅದೇ ಸೀಸನ್‌ನಲ್ಲಿ ಬಂದ ವಾರನ್‌ನ ಕಂತುಗಳ ಪಕ್ಕ ಇದನ್ನಿಟ್ಟು ನೋಡಿದರೆ ನಾನು ಹೇಳುತ್ತಿರುವುದಕ್ಕೆ ಬೇರೆ ಪುರಾವೆ ಬೇಕಾಗುವುದಿಲ್ಲ. ನಿರ್ಮಾಪಕ ಹೊಸಬರು, ಬಣ್ಣವೂ ಇದೆ. ಆದರೆ ಇಬ್ಬರೂ ಎದುರುಬದುರು ನಿಂತೊಡನೆ ಎಲ್ಲ ಮರಳಿ ಬರುತ್ತದೆ.

1968ರಲ್ಲಿ ಗ್ರಿಫಿತ್ ನಿಲ್ಲಿಸಿದರು. ಉಳಿದ ಊರಿನವರನ್ನು ಇಟ್ಟುಕೊಂಡು ‘ಮೇಬೆರಿ ಆರ್.ಎಫ್.ಡಿ.’ ಎಂಬ ಹೆಸರಿನಲ್ಲಿ ಮುಂದುವರಿದ ಧಾರಾವಾಹಿಯನ್ನು 1971ರಲ್ಲಿ ಸಿಬಿಎಸ್ ತನ್ನ ಉಳಿದ ಹಳ್ಳಿ ಧಾರಾವಾಹಿಗಳ ಜೊತೆ ಒಟ್ಟಿಗೇ ಕೈಬಿಟ್ಟಿತು. ಪೇಟೆಯ ಯುವ ವೀಕ್ಷಕರು ಬೇಕಾಗಿದ್ದರು.

1986ರ ಏಪ್ರಿಲ್‌ನಲ್ಲಿ ಬಂದ ಟೆಲಿಚಿತ್ರದಲ್ಲಿ ಬಾರ್ನಿಗೂ ಥೆಲ್ಮಾ ಲೂಗೂ ಕೊನೆಗೂ ಮದುವೆಯಾಯಿತು. ಅಷ್ಟರಲ್ಲಿ ಗ್ರಿಫಿತ್ ‘ಮ್ಯಾಟ್‌ಲಾಕ್’ ಎಂಬ ಇನ್ನೊಂದು ಧಾರಾವಾಹಿಯ ಸಿದ್ಧತೆಯಲ್ಲಿದ್ದರು, ವಕೀಲನ ಪಾತ್ರ. ಅದು ಗಟ್ಟಿಯಾಗಿ ನಿಂತ ಮೇಲೆ, 1988ರಲ್ಲಿ, ಆ ವಕೀಲನಿಗೊಬ್ಬ ಪಕ್ಕದ ಮನೆಯವನು ಬಂದ. ಹೆಸರು ಲೆಸ್ ಕ್ಯಾಲ್ಹೂನ್. ಪಾತ್ರಧಾರಿ ಡಾನ್ ನಾಟ್ಸ್.